ಕ್ಲೆಮ್ ಡಾರ್ಗನ್ನನ ಕಪ್ಪಂಚು

ಮನುಷ್ಯ ಸಾಯುವ ಮುಂಚೆ ಕಪ್ಪಂಚು ಹೊಲಿಸಿದರು ಎಂದು ಗಾದೆ. ಕೂಸು, ಕುಲಾವಿ ಅಂತೇನೋ ನಿಮ್ಮಜ್ಜಿ ಹೇಳಿದ್ದರೆ ಅದು ಅವರ ಕಾಲದ್ದು. ನನ್ನದು ಹೋಬಾರ್ಟ್ ಎಂಬ ಕಡಲೂರಿನಲ್ಲಿ ನಡೆದದ್ದು, ನಿಜವಾಗಿ ನಡೆದದ್ದು. ನಡೆಸಿದವನು ನಾನೇ.

‘ಕೆಲ್ಪ್’ ಎಂಬ ಸಂಗೀತ ಪತ್ರಿಕೆಗೆ ಮುಖಪುಟ ಮಾಡುವುದು ನನ್ನ ಕೆಲಸ. ಈ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಮುಖಪುಟಕ್ಕೆ ಯಾರನ್ನೇ ಆರಿಸಿರಲಿ, ಅಷ್ಟರಲ್ಲಿ ಹೆಸರಾದ ಸಂಗೀತಗಾರರೊಬ್ಬರು ತೀರಿಕೊಂಡರೆ ಬದುಕಿರುವವರು ಜಾಗ ಬಿಡಬೇಕು. ಸತ್ತವರ ಕಪ್ಪುಬಿಳುಪು ಮುಖ, ಸುತ್ತ ಕಪ್ಪಂಚು, ಹೆಸರು, ಹುಟ್ಟಿದ ವರ್ಷ, ಹೋದ ವರ್ಷ. ಬೇರೆ ಒಂದಕ್ಷರ ಇರಕೂಡದು.

ಹಾಗೆ ಜಾಗ ಬಿಟ್ಟೂ ಬಿಟ್ಟೂ ಸವೆದವನು ಕ್ಲೆಮ್ ಡಾರ್ಗನ್. ಪಬ್ಬುಗಳಲ್ಲಿ ಹಾಡಿ ಗಂಟಲು ಮರಳುಕಾಗದವಾಗಿದ್ದ ಮುದುಕ. ಅವನ ಮುಖಪುಟ ಸಿದ್ಧವಾದಾಗಲೆಲ್ಲ ಸಂಪಾದಕಿ ಗ್ಲೆನಿಸಳ ಮೇಜಿನ ಫೋನು ಹೊಡೆದುಕೊಳ್ಳುತ್ತಿತ್ತು. ಮೊದಲು ಒಬ್ಬ ಡ್ರಮ್ಮರು ಹೋದ. ಆಮೇಲೆ ಜಾಜ್ ಹಾಡುತ್ತಿದ್ದ ಒಬ್ಬ ಅಜ್ಜಿ. ಕೊನೆಗೆ, ನೆಗಡಿ ಕೂಡ ಕಾಣದಿದ್ದ ಒಬ್ಬ ಗಿಟಾರುಗಾರ. “ಕ್ಲೆಮ್ಮನ ಫೋಟೋ ತೆಗೀತಾರಂತೆ, ಉಯಿಲು ಬರೆದಿಟ್ರೇನ್ರೋ?” ಎಂದು ಊರಿನ ವಾದ್ಯದವರೆಲ್ಲ ಕಿಚಾಯಿಸುತ್ತಿದ್ದರು. ಅವನೊಬ್ಬ ನಗುತ್ತಿರಲಿಲ್ಲ.

ಈ ಚಳಿಗಾಲ ಅವನ ಹೊಸ ಹಾಡುಗಳು ಬಂದವು. ಅವನ ಮನೆಯ ಹಿಂದಿನ ದೋಣಿಕಟ್ಟೆಯ ಮೇಲೆ ನಿಲ್ಲಿಸಿ ಫೋಟೋ ತೆಗೆಸಿದೆವು.

“ಒಂಚೂರು ನಗೋ ಮಾರಾಯ. ನಿನ್ನ ಹಲ್ಲೇನು ನಾನು ಕಿತ್ಕೊಳ್ಳಲ್ಲ” ಎಂದೆ.

“ನಾನು ನಕ್ಕರೆ ಇನ್ಯಾರದೋ ಮನೇಲಿ ಅಳಬೇಕಾಗುತ್ತೆ ಗಸ್. ಈ ಸಲವೂ ಫೋನ್ ಬಂತೋ, ಗಿಟಾರು ನೀರಿಗೆ. ಮತ್ತೆ ಬಾಯಿ ತೆಗೆಯಲ್ಲ. ಒಂದು ಮುಖಪುಟಕ್ಕೆ ಎಷ್ಟು ಜನಾನ್ನ ಕೊಲ್ಲಲಿ, ಹೇಳು?”

ಅವನ ಹೆಸರನ್ನು ಹಳೇ ದೋಣಿಯ ಕೆಂಪಿನಲ್ಲಿ ಬರೆದೆ. ಚೆನ್ನಾಗಿ ಬಂತು. ನೋಡಿ ಕೊಡುತ್ತೇನೆಂದು ಗ್ಲೆನಿಸ್ ಒಯ್ದಳು, ವಾರವಾದರೂ ಮರಳಿಸಲಿಲ್ಲ, ನನ್ನ ಕೈ ಖಾಲಿಯಾಯಿತು. ಖಾಲಿ ಕೈಗೆ ತುರಿಕೆ ಜಾಸ್ತಿ. ಅದೇ ಫೋಟೋದ ಬಣ್ಣ ತೆಗೆದೆ, ಕಪ್ಪಂಚು ಕಟ್ಟಿದೆ, ಹುಟ್ಟಿದ ವರ್ಷದ ಪಕ್ಕ ಈ ವರ್ಷ ಹಾಕಿದೆ. ತಮಾಷೆಗೆ. ಆದರೆ ಬಣ್ಣ ಇಳಿದದ್ದೇ ತಡ, ಫೋಟೋದಲ್ಲಿ ಬಿಗಿದುಕೊಂಡಿದ್ದ ಮುಖ ಸಡಿಲವಾದ ಹಾಗಿತ್ತು. ಬಹಳ ದಿನ ಹೊರಗೆ ಕಾದವನು ಒಳಗೆ ಬಂದು ಕೂತ ಹಾಗೆ. ಅಲ್ಲಿಗೇ ಅಳಿಸಬೇಕಿತ್ತು.

ಅಳಿಸದೆ ಫೋನ್ ಎತ್ತಿದೆ. ಗ್ಲೆನಿಸಳ ದನಿ ನನಗೆ ಹಳೇ ಅಂಗಿಯಷ್ಟು ಸಲೀಸು. ಮೂಗಿನಲ್ಲಿ ಹೊರಟು ಸಿಗರೇಟಿನಲ್ಲಿ ಒಂದು ಸುತ್ತು ಹಾಕಿ ಕೆಮ್ಮಿನಲ್ಲಿ ಮುಗಿಯುವ ದನಿ.

“ಕ್ಲೆಮ್, ಪುಟ್ಟಾ, ಕೆಟ್ಟ ಸುದ್ದಿ ಕಣೋ. ಒಬ್ಬರು ಹೋಗ್ಬಿಟ್ರು.” ಕೆಮ್ಮಿದೆ.

“ಯಾರು?”

“ನೀನೇ.”

ಬಾಯಿಗೆ ಬಂದ ಹಾಗೆ ಬೈಯುತ್ತಾನೆಂದು ಕಾದೆ. ಅವನು ಬಹಳ ಮೆತ್ತಗೆ ಹೇಳಿದ: “ಹಾಗಾ. ಅದಕ್ಕೇ ಬೆಳಗ್ಗೆಯಿಂದ ಟೀ ರುಚಿಸ್ತಾ ಇಲ್ಲ. ನಾಯೀನೂ ನನ್ನ ಕಡೆ ನೋಡ್ತಿಲ್ಲ. ಹೇಳಿದ್ದು ಒಳ್ಳೇದಾಯ್ತು ಗ್ಲೆನಿಸ್, ಹೊರಡ್ತೀನಿ.”

ಫೋನ್ ಇಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ. ಓಡಿ ಕಾರು ಹತ್ತಿದೆ.

ಕೊಲ್ಲಿಯ ಮೇಲೆ ಮಂಜು ಇಳಿದಿತ್ತು. ಕ್ಲೆಮ್ಮನ ಬಾಗಿಲು ಹಾರುಹೊಡೆದಿತ್ತು. ಅಡುಗೆಮನೆಯಲ್ಲಿ ಕೆಟಲು ಇನ್ನೂ ಆವಿಯಾಡುತ್ತಿತ್ತು. ಗೋಡೆಯ ಮೊಳೆಯಲ್ಲಿ ಗಿಟಾರು ಇರಲಿಲ್ಲ. ನಾಯಿ ನನ್ನನ್ನು ಮೂಸಲೂ ಬರಲಿಲ್ಲ. ಖಾಲಿ ಕುರ್ಚಿಯೊಂದನ್ನು ನೋಡುತ್ತ ಬಾಲ ಆಡಿಸುತ್ತಿತ್ತು. ದೋಣಿಕಟ್ಟೆಗೆ ಓಡಿದೆ. ಫೋಟೋದಲ್ಲಿ ಅವನು ನಿಂತಿದ್ದ ಜಾಗದಲ್ಲೇ ಅವನ ಬೂಟುಗಳು, ನೀರಿಗೆ ಮುಖ ಮಾಡಿ.

“ಕ್ಲೆಮ್! ಅದು ನಾನು ಕಣೋ, ಗಸ್! ಗ್ಲೆನಿಸ್ ಅಲ್ಲ!”

ಮಂಜಿನೊಳಗಿಂದ ಹಾಡು ಕೇಳಿಸಿತು. ಅವನ ಹೊಸ ಹಾಡು, ಅವನದೇ ಮರಳುಕಾಗದ. ಎಡಗಡೆಯೋ ಬಲಗಡೆಯೋ ತಿಳಿಯಲಿಲ್ಲ, ನೀರೇ ಹಾಡಿದ ಹಾಗಿತ್ತು. ಹಲಗೆಯ ಮೇಲೆ ಬೋರಲು ಮಲಗಿ ನೀರಿನೊಳಗೆ ಇಣುಕಿದೆ.

“ಏಳೋ ಮಂಗ.” ಕಟ್ಟೆಯ ಪಕ್ಕದ ದೋಣಿಮನೆಯ ಬಾಗಿಲಲ್ಲಿ ಗ್ಲೆನಿಸ್ ನಿಂತಿದ್ದಳು. “ನನ್ನ ದನಿ ನನಗಿಂತ ಚೆನ್ನಾಗಿ ಮಾಡ್ತೀಯ, ನಿಜ. ಆದರೆ ನೀನು ಫೋನ್ ಮಾಡಿದಾಗ ನಾನು ಇವನ ಅಡುಗೆಮನೇಲೇ ಕೂತು ಮಾಂಸದ ಪೈ ತಿಂತಿದ್ದೆ!”

ಅವಳ ಬೆನ್ನ ಹಿಂದಿನಿಂದ ಗಿಟಾರು ತಬ್ಬಿಕೊಂಡು ಕ್ಲೆಮ್ ಬಂದ, ಬರಿಗಾಲಲ್ಲಿ. ಕಂಕುಳಲ್ಲಿ ಬಣ್ಣ ಬಣ್ಣದ ‘ಕೆಲ್ಪ್’. ಸಾವಿಗೆ ಸುಳಿವು ಸಿಗಬಾರದೆಂದು ಗ್ಲೆನಿಸ್ ನನಗೂ ಹೇಳದೆ ಮೊದಲೇ ಅಚ್ಚು ಹಾಕಿಸಿ, ಆವತ್ತು ಬೆಳಗ್ಗೆಯೇ ಅಂಗಡಿಗಳಿಗೆ ಕಳಿಸಿಬಿಟ್ಟಿದ್ದಳು.

“ಈಗ ಯಾರು ಬೇಕಾದರೂ ಸಾಯಲಿ, ನಾನು ಜಾಗ ಬಿಡಲ್ಲ!” ಎಂದ ಕ್ಲೆಮ್. ಆದರೂ ನಗಲಿಲ್ಲ. ಅಭ್ಯಾಸ ತಪ್ಪಿತ್ತು.

ಅಡುಗೆಮನೆಗೆ ಬಂದು ಕೂತೆವು. ಅಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು. ಮೂವರೂ ಕಲ್ಲಾದೆವು. ಕ್ಲೆಮ್ಮನೇ ಎದ್ದು ಎತ್ತಿದ, ನಮಗೂ ಕೇಳಲೆಂದು ನಮ್ಮ ಕಡೆ ಹಿಡಿದ.

“ಕ್ಲೆಮ್, ಪುಟ್ಟಾ, ಕೆಟ್ಟ ಸುದ್ದಿ ಕಣೋ. ಒಬ್ಬರು ಹೋಗ್ಬಿಟ್ರು.” ಆಮೇಲೆ ಕೆಮ್ಮು.

ಗ್ಲೆನಿಸಳ ದನಿ. ಗ್ಲೆನಿಸ್ ನನ್ನೆದುರಿಗಿದ್ದಳು, ಬಾಯಿ ತುಂಬ ಪೈ ಇತ್ತು, ಅಗಿಯುವುದು ನಿಂತಿತ್ತು. ಅವಳು ನನ್ನ ತುಟಿ ನೋಡಿದಳು. ನಾನು ಬೆರಳಿಂದ ಮುಟ್ಟಿ ನೋಡಿಕೊಂಡೆ. ಮುಚ್ಚಿದ್ದವು.

“ಭಲೇ ಗಸ್! ತುಟಿ ಅಲುಗಿಸದೇ ಹೇಗಯ್ಯಾ ಮಾಡ್ತೀಯ ಇದನ್ನ?” ಕ್ಲೆಮ್ಮನ ಮರಳುಕಾಗದದ ಗಂಟಲು ಒಡೆಯಿತು. ನಾವಿಬ್ಬರೂ ಹಲ್ಲು ಕಿರಿದೆವು, ಹೆದರಿದವರು ಕಿರಿಯುವ ಹಾಗೆ. ಅವನಂತೂ ಕುರ್ಚಿಗೆ ಕುಸಿದು, ತೊಡೆ ತಟ್ಟಿ, ಕಣ್ಣೀರು ಸುರಿಸಿಕೊಂಡು, ಫೋನಿನ ದನಿ ಇನ್ನೂ ಹೇಳುತ್ತಿದ್ದ ಸತ್ತವರ ಹೆಸರು ನಮಗೆ ಕೇಳಿಸದಷ್ಟು ಜೋರಾಗಿ ನಗುತ್ತಿದ್ದ.