ಒಂದೇ ಕೋರ್‌ನಲ್ಲಿ ಓದಿದಾಗ

ಋಷಿ ತನ್ನ ಕಂಪನಿಯ ಕಂಪ್ಯೂಟರ್ ಬೋರ್ಡನ್ನು ಪರೀಕ್ಷೆಗೆಂದು ಕಾರಿನಲ್ಲಿಟ್ಟುಕೊಂಡು ಶಾಮ್‌ಬರ್ಗ್‌ನಿಂದ ಸೌತ್‌ಫೀಲ್ಡ್‌ನ ನಮ್ಮ ಲ್ಯಾಬ್‌ಗೆ ಬಂದಿದ್ದ. ಎಷ್ಟೇ ಕೆಲಸ ಹೇರಿದರೂ ಅದರ ಪ್ರೊಸೆಸರ್ ಮೂರು ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆಂದು ಪರದೆಯ ಅಂಕಿ ತೋರಿಸಿದ. ಪರದೆಯನ್ನು ನಂಬುವಷ್ಟು ಪೆದ್ದಿ ನಾನಲ್ಲ. ಅಲ್ಲಿ ಕಾಣುವುದು ಪ್ರೊಸೆಸರ್‌ಗೆ ಓಡಲು ಹೇಳಿದ ವೇಗ, ಅದು ನಿಜವಾಗಿ ಓಡಿದ ವೇಗವಲ್ಲ.

ಅದಕ್ಕೇ ನಾನೊಂದು ಕರ್ನಲ್ ಡ್ರೈವರ್, ಅಂದರೆ ಪ್ರೊಸೆಸರ್‌ನ ಒಳಗನ್ನು ನೇರವಾಗಿ ಓದುವ ಪುಟ್ಟ ಪ್ರೋಗ್ರಾಂ, ಬರೆದಿದ್ದೆ. ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಹಲವು ಕೋರ್‌ಗಳು, ಪ್ರತಿ ಕೋರ್‌ಗೂ ಅದರದೇ ಎರಡು ಕೌಂಟರ್‌ಗಳಿವೆ: ಒಂದು ನಿಗದಿತ ವೇಗದಲ್ಲಿ ಎಣಿಸುತ್ತದೆ, ಇನ್ನೊಂದು ನಿಜವಾಗಿ ಓಡಿದಷ್ಟನ್ನು ಮಾತ್ರ. ಎರಡನ್ನೂ ಹೋಲಿಸಿದರೆ ಸುಳ್ಳು ಹೊರಬೀಳುತ್ತದೆ. ಬಂದದ್ದು ಎರಡೂವರೆ ಗಿಗಾಹರ್ಟ್ಸ್.

ಋಷಿ ನನ್ನ ಕೋಡ್ ಓದಿ ನಕ್ಕ. "ಸುಹಾಸಿನಿ, ಒಂದು ಕೌಂಟರನ್ನ ಒಂದು ಕೋರ್‌ನಲ್ಲಿ ಓದಿದೀರ, ಇನ್ನೊಂದನ್ನ ಬೇರೆ ಕೋರ್‌ನಲ್ಲಿ. ಹೀಗೆ ಟೆಸ್ಟ್ ಮಾಡಿ ನಮ್ಮನ್ನ ಕಳ್ಳರು ಅಂತೀರಲ್ಲ!"

ತಪ್ಪು ನನ್ನದೇ. ಅವನೆದುರೇ ಡ್ರೈವರ್ ತಿದ್ದಿ, ಎರಡನ್ನೂ ಒಂದೇ ಕೋರ್‌ನಲ್ಲಿ ಓದಿಸಿದೆ.

ಒಂದು ಪಾಯಿಂಟ್ ಒಂಬತ್ತು.

ಮತ್ತೆ ಮೂರು ಸಲ ಓಡಿಸಿದರೂ ಅದೇ. ಋಷಿ ಪರದೆ ನೋಡಿದ, ಬಾಗಿಲು ನೋಡಿದ, ಆಮೇಲೆ ದನಿ ತಗ್ಗಿಸಿ ಕೇಳಿದ:

"ಆ ಹಳೇ ಡ್ರೈವರ್ ಡಿಲೀಟ್ ಮಾಡಿಲ್ಲ ತಾನೇ?"