ತಯಾರಿಸಿದವರು

"ಲೇ ಮುಂಡೇದೇ, ಜಮೀನಿಗೆ ತಾರೀಕು ಹಾಕಿದೀಯಲ್ಲಾ, ತಲೇಲಿ ಸಗಣಿ ತುಂಬ್ಕಂಡಿದೀಯಾ?"

ತಾಲ್ಲೂಕು ಕಚೇರಿಯ ಶಿರಸ್ತೇದಾರ್ ಮನೋಹರ್ ಎಸೆದ ಪ್ರಿಂಟು ಭಾನುಪ್ರಿಯಳ ಮುಖಕ್ಕೆ ಬಡಿದು ಸ್ಟೂಲಿನ ಸುತ್ತ ಚೆಲ್ಲಿತು. ಸರ್ವೆ ನಂಬರ್ ಮೂರು ಬಾರ್ ನಾಲ್ಕು ಇರಬೇಕಾದ ಕಡೆ ಏಪ್ರಿಲ್ ಮೂರು ಎಂದಿತ್ತು. ಐದು ಬಾರ್ ಎರಡು ಫೆಬ್ರವರಿ ಐದಾಗಿತ್ತು. ನಡುವೆ ಗೀಟಿರುವ ನಂಬರನ್ನು ಕಂಪ್ಯೂಟರು ತಾರೀಕೆಂದು ತಿಳಿದಿತ್ತು. ಹಕ್ಕುಪತ್ರ ಸಿಗಬೇಕಾದ ಮುನ್ನೂರು ಚಿಲ್ಲರೆ ಜನರ ಪಟ್ಟಿ ಅದು. ಮೂರು ಗಂಟೆಗೆ ರಾಮನಗರದ ಮೀಟಿಂಗಿನಲ್ಲಿ ಪರದೆಯ ಮೇಲೆ ತೋರಿಸಬೇಕು.

"ನಾನ್ ಹೊಡ್ದಿದ್ದಲ್ಲ ಸಾ. ರಮ್ಯಾ ಮೇಡಮ್ಮವ್ರು..."

"ಎದುರ್ ಮಾತಾಡ್ತೀಯಾ? ತಿಂಗ್ಳು ಕೊನೆಗೆ ನಿನ್ ಕಾಂಟ್ರಾಕ್ಟ್ ಮುಗೀತೈತೆ, ಗ್ಯಾಪ್ಕ ಮಡಿಕೊ. ನಾನೊಂದ್ ಲೆಟ್ರು ಬರೀದಿದ್ರೆ ಮನೇಗೋಯ್ತೀಯ."

ರಮ್ಯಾ ತಿರುಗುವ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದಳು. "ನಾನೂ ಇಡೀ ಕಾಲಮ್ಮು ಟೆಕ್ಸ್ಟ್ ಮಾಡ್ದೆ ಕಣಮ್ಮಿ, ತಾರೀಕೋಗಿ ಐದೈದು ಅಂಕಿ ಬಂದ್ಬುಡ್ತು. ಒಸಿ ನೋಡು," ಎಂದು ನಕ್ಕಳು.

ಆ ನಗುವಿಗೆ ಭಾನುಪ್ರಿಯಳ ಹೊಟ್ಟೆ ಉರಿಯಿತು. ಆ ಕುರ್ಚಿಯನ್ನು ಕಂಡರೆ ದಿನವೂ ಉರಿಯುತ್ತಿತ್ತು. ರಮ್ಯಾಳ ಅಪ್ಪ ಇದೇ ಕಚೇರಿಯ ಗುಮಾಸ್ತ. ಆತ ಸತ್ತಾಗ ಅನುಕಂಪದ ಮೇಲೆ ಮಗಳಿಗೆ ಕಾಯಂ ಕೆಲಸ ಸಿಕ್ಕಿತು. ಭಾನುಪ್ರಿಯಳ ಅಪ್ಪ ಬೋರಲಿಂಗಯ್ಯ ಇದೇ ಕಚೇರಿಯನ್ನು ಹತ್ತೊಂಬತ್ತು ವರ್ಷ ಗುತ್ತಿಗೆಯಲ್ಲಿ ಗುಡಿಸಿ ಸತ್ತ. ಕಚೇರಿಯಿಂದ ಒಂದು ಹಾರ ಬಂತು, ಅಷ್ಟೇ. ಸಾವಿನಲ್ಲೂ ರಮ್ಯಾಳ ಅಪ್ಪನೇ ಮೇಲಾದನಲ್ಲ ಎಂದು ಭಾನುಪ್ರಿಯ ಎಷ್ಟೋ ಸಲ ಕರುಬಿದ್ದಳು. ಕರುಬಿದ್ದಕ್ಕೆ ನಾಚಿದ್ದಳು, ಆಮೇಲೆ ಮತ್ತೆ ಕರುಬಿದ್ದಳು. ರಮ್ಯಾಳಿಗೆ ಟೀ ಪಿಂಗಾಣಿ ಕಪ್ಪಿನಲ್ಲಿ ಬರುತ್ತಿತ್ತು, ಊರಾಚೆಯ ಕಾಲೋನಿಯಿಂದ ಬರುವ ಇವಳಿಗೆ ಪೇಪರ್ ಲೋಟದಲ್ಲಿ. ಯಾಕೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕೆಟ್ಟ ಮೇಲೆ ಟೆಕ್ಸ್ಟ್ ಮಾಡಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಾಲಮನ್ನು ಖಾಲಿ ಮಾಡಿ, ಕಂಪ್ಯೂಟರು ಬರೀ ಅಕ್ಷರವೆಂದು ಓದುವಂತೆ ಮೊದಲು ಟೆಕ್ಸ್ಟ್ ಎಂದು ಬದಲಿಸಿ, ಆಮೇಲೆ ನಂಬರು ಹೊಡೆಯಬೇಕು. ಪಹಣಿಯ ಕಟ್ಟು ಬಿಚ್ಚಿ ಒಂದೊಂದನ್ನೇ ನೋಡಿ ಹೊಡೆಯತೊಡಗಿದಳು. ತಪ್ಪನ್ನೇ ಉಳಿಸಿ ರಮ್ಯಾಳ ಮಾನ ಕಳೆಯೋಣವೆಂದು ಒಮ್ಮೆ ಅನ್ನಿಸಿತು. ಆದರೆ ಎಂಬತ್ತನೆಯ ಸಾಲಿನಲ್ಲಿ ಅವಳ ಬೀದಿಯ ಮುನಿಶಾಮಯ್ಯನ ಹೆಸರಿತ್ತು. ಆತನ ತುಂಡು ನೆಲದ ನಂಬರನ್ನು ಸರಿಯಾಗಿಯೇ ಹೊಡೆದಳು.

ಒಂದೂವರೆಗೆ ಪಟ್ಟಿ ಮುಗಿಯಿತು. ಅವಳು ಇನ್ನೂ ಉಂಡಿರಲಿಲ್ಲ.

"ಕೆಳಗಡೆ ತಯಾರಿಸಿದವರು ಅಂತ ರಮ್ಯಾ ಹೆಸ್ರು ಹಾಕು," ಎಂದರು ಮನೋಹರ್. "ದೊಡ್ಡ ಸಾಹೇಬ್ರು ಇವತ್ತು ಅವ್ಳಿಗೆ ಪ್ರಶಂಸಾಪತ್ರ ಕೊಡ್ತಾರೆ. ಜೀಪು ನಿಂತೈತೆ, ಬಿರ್ರನೆ ಮುಗ್ಸು."

"ಆಯ್ತು ಸಾ."

ರಮ್ಯಾ ಕನ್ನಡಿ ನೋಡಿಕೊಂಡು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಭಾನುಪ್ರಿಯ ಕೊನೆಯ ಸಾಲಿಗೆ ಹೋಗಿ ಬೆರಳೂರಿ ಹೊಡೆದಳು. ಹಾಳೆಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿದು, ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಮನೋಹರ್, ರಮ್ಯಾ ಹತ್ತಿದ ಜೀಪು ಹೋದ ಮೇಲೆ ತಿರುಗುವ ಕುರ್ಚಿಯಲ್ಲಿ ಕೂತಳು. ಅಂಥ ಮೆತ್ತಗೇನೂ ಇರಲಿಲ್ಲ. ಅಲ್ಲೇ ಡಬ್ಬಿ ಬಿಚ್ಚಿ ಉಂಡಳು.

ಮೂರೂಕಾಲು ಗಂಟೆಗೆ ಫೋನು ಬಂತು. ಮನೋಹರ್ ಪಿಸುಗುಟ್ಟುತ್ತಿದ್ದರು.

"ಏನ್ಮಾಡಿದೀಯೇ ಲೌಡಿ? 'ತಯಾರಿಸಿದವರು ಭಾನುಪ್ರಿಯ, ಕಸ ಗುಡಿಸುತ್ತಿದ್ದ ಬೋರಲಿಂಗಯ್ಯನ ಮಗಳು' ಅಂತ ಪರ್ದೆ ಮ್ಯಾಲೆ ನಿಂತೈತೆ. ಎಲ್ರೂ ಓದ್ತಾವ್ರೆ. ಅಳ್ಸಾಕಾಯ್ತಿಲ್ಲ. ಪಾಸ್‌ವರ್ಡ್ ಯೋಳು."

"ನಂಗೇನ್ ಗೊತ್ತು ಸಾ. ರಮ್ಯಾ ಮೇಡಮ್ಮುನ್ನ ಕೇಳಿ. ಅವ್ರೇ ತಾನೆ ಮಾಡಿರಾದು."

ಫೋನಿಟ್ಟಳು. ಕೆಲಸ ಹೋಗಲು ಇನ್ನು ತಿಂಗಳ ಕೊನೆಯವರೆಗೆ ಕಾಯುವಂತಿರಲಿಲ್ಲ. ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡು, ಅಪ್ಪ ಗುಡಿಸುತ್ತಿದ್ದ ಮೆಟ್ಟಿಲನ್ನು ಇಳಿದಳು.