ಮುಟ್ಟಬೇಡ ಎನ್ನಲು ಕಲಿತ ಮೇಸ್ತ್ರಿ

“ಅಮ್ಮಾ, ಮೇಸ್ತ್ರಿ ತಾತ ಯಾಕೆ ದಿನಾ ಮೆಟ್ಟಿಲಿಗೆಲ್ಲ ಬೈತಾ ಹತ್ತುತ್ತಾರೆ?” ಎಂದು ನನ್ನ ನಾಲ್ಕು ವರ್ಷದ ಮಗಳು ಕೇಳಿದಳು.

ಅದು ಬೈಗುಳವಲ್ಲ, ಅಭ್ಯಾಸ. ಗಾಜಿನ ಕಾರ್ಖಾನೆಯ ಕುಲುಮೆಯೆದುರು ಮೂವತ್ತು ವರ್ಷ ಓರೆಯಾಗಿ ಸರಿದು ಸರಿದು ಈಗ ಬೀದಿಯಲ್ಲೂ ಓರೆಯಾಗಿಯೇ ನಡೆಯುವ, ಕಿಡಿ ಹಾರಿ ತೋಳೆಲ್ಲ ಜರಡಿಯಾದ ಕಂದು ಕೋಟನ್ನು ಯಾರು ಹೇಳಿದರೂ ಬಿಡದ ನಮ್ಮ ಮೇಲಿನ ಮನೆಯ ಮೇಸ್ತ್ರಿಗಳು, ಐವತ್ತೆಂಟರ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾರೆ. ಅದರಲ್ಲೂ ನಿಷೇಧವನ್ನು ಮಾತ್ರ. ಮೆಟ್ಟಿಲಿಗೊಂದು ಕ್ರಿಯಾಪದ: ನೋ ತೋಕೆಸ್, ಮುಟ್ಟಬೇಡ, ನೋ ಕೊರ್ರಾಸ್, ಓಡಬೇಡ, ನೋ ಅಬ್ರಾಸ್, ತೆರೆಯಬೇಡ. ಒಂದು ತಪ್ಪಿದರೂ ಕೆಳಗಿಳಿದು ಮತ್ತೆ ಮೊದಲ ಮೆಟ್ಟಿಲಿನಿಂದ ಶುರು.

ಮದುವೆಗೆ ಮುಂಚೆ ಅನುವಾದದ ಕಚೇರಿಯಲ್ಲಿದ್ದ ನಾನೇ ಅವರ ಗುರು. ಮಗಳಿಗೆ ತುತ್ತಿಡುತ್ತಲೇ ಪಾಠ.

“ಮುಟ್ಟು ಅನ್ನೋಕೆ ತೋಕಾ, ಬೇಡ ಅನ್ನೋಕೆ ತೋಕೆಸ್. ಬೇಡ ಅಂದ ತಕ್ಷಣ ಪದ ಯಾಕೆ ಮುಖ ತಿರುಗಿಸ್ಬೇಕು ತಾಯಿ?” ಎಂದು ಗೊಣಗಿಕೊಂಡೇ ಬರೆದುಕೊಳ್ಳುತ್ತಾರೆ.

“ಮನೇಲಿ ಇಷ್ಟು ವರ್ಷ ಬೇಡ ಬೇಡ ಅಂದಿದ್ದು ಸಾಲ್ದು ಅಂತ ಇನ್ನೊಂದು ಭಾಷೇಲಿ ಶುರು ಹಚ್ಕೊಂಡಿದಾರೆ” ಎಂದು ಅವರ ಹೆಂಡತಿ ಚುಚ್ಚಿದರೂ ಜಗ್ಗುವವರಲ್ಲ.

ಎರಡು ತಿಂಗಳ ಹಿಂದೆ, ದೂರದೇಶದಿಂದ ಬಂದ, ಸ್ಪ್ಯಾನಿಷ್ ಮಾತ್ರ ಬಲ್ಲ ಹೊಸ ಕೆಲಸಗಾರನೊಬ್ಬ ಕಾರ್ಖಾನೆಯಲ್ಲಿ ಗಾಜು ಎರೆಯುವ ಕಬ್ಬಿಣದ ಅಚ್ಚಿನತ್ತ ಕೈ ಚಾಚಿದ. ಅಚ್ಚಿನ ಕೆಂಪು ಆರಿತ್ತು, ಕಾವು ಆರಿರಲಿಲ್ಲ. “ಮುಟ್ಬೇಡ” ಎಂದು ಮೇಸ್ತ್ರಿಗಳು ಕೂಗಿದರು. ಬೇಗ ಬೇಗ ಎನ್ನುವುದಕ್ಕೂ ಅವರದು ಅದೇ ಗಂಟಲು. ಭಾಷೆ ತಿಳಿಯದ ಆತ, ಅವಸರಪಡಿಸುತ್ತಿದ್ದಾರೆಂದುಕೊಂಡು ಎರಡೂ ಕೈಯಲ್ಲಿ ಅದನ್ನು ಹಿಡಿದುಬಿಟ್ಟ. ಅಂಗೈ ಸುಟ್ಟು ಆಸ್ಪತ್ರೆ ಸೇರಿದ. ಮರುದಿನವೇ ಮೇಸ್ತ್ರಿಗಳು ನೋಟ್‌ಬುಕ್ ಹಿಡಿದು ನಮ್ಮ ಬಾಗಿಲು ತಟ್ಟಿದ್ದರು.

ಕೂಗುವುದೇ ಕಸುಬಾದವರನ್ನು ನಾವು ಸುಲಭವಾಗಿ ಒರಟರೆಂದುಬಿಡುತ್ತೇವೆ. ತನ್ನ ಮಾತು ತಲುಪದಿದ್ದರೆ ಎದುರಿನವನ ಕಿವಿಯನ್ನು ದೂರದೆ ತನ್ನ ನಾಲಗೆಯನ್ನೇ ತಿದ್ದಲು ಕೂರುವ ಹಟ ನಯವಾಗಿ ಮಾತಾಡುವವರಲ್ಲಿ ನನಗೆ ಅಷ್ಟಾಗಿ ಕಂಡಿಲ್ಲ. ಈ ದೊಡ್ಡ ಗಂಟಲಿನವರಲ್ಲಿ ಕಂಡಿದೆ.

ನಿನ್ನೆ ನಮ್ಮ ಮನೆಯವರೆಗಿನ ಅಷ್ಟೂ ಮೆಟ್ಟಿಲನ್ನು ತಪ್ಪಿಲ್ಲದೆ ಹತ್ತಿ ಬಂದವರು ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

“ಸೋಮವಾರ ಆ ಹುಡುಗ ಕೆಲಸಕ್ಕೆ ವಾಪಸ್ ಬರ್ತಾನೆ ತಾಯಿ. ತಪ್ಪು ನಂದು ಅಂತ ನಾನೇ ಹೇಳ್ತೀನಿ, ಅದನ್ನ ಪುಸ್ತಕ ನೋಡಿ ಕಲ್ತಿದೀನಿ. ಆದ್ರೆ ಅದಕ್ಕೆ ಅವನು ಏನಂತಾನೆ ಅನ್ನೋದು ನನಗೆ ಅರ್ಥ ಆಗಲ್ಲ. ಒಂದು ಹತ್ತು ನಿಮಿಷ ಪಕ್ಕದಲ್ಲಿ ನಿಂತಿರ್ತೀರಾ? ಬೈದ್ರೆ ಬೈದ ಹಾಗೇ ಹೇಳಿ. ಮೆತ್ತಗೆ ಮಾಡಿ ಹೇಳ್ಬೇಡಿ.”